ಆಹಾರ ಉದ್ಯಮದ ಫ್ರಿಜ್ ಮತ್ತು ಫ್ರೀಜರ್ ಜೋಡಿಸುವ ಕ್ರಮ: ಸಮಗ್ರ ಮಾರ್ಗದರ್ಶಿ

ಮನೆಯ ಫ್ರಿಜ್‌ನಲ್ಲಿ ಯಾವ ಡಬ್ಬಿಯಲ್ಲಿ ಏನಿದೆ, ಅದು ಯಾವತ್ತಿನದು ಎಂಬುದು ಮನೆಯವರಿಗೆ ಬಾಯಿಪಾಠವಾಗಿರುತ್ತದೆ. ಹೋಟೆಲ್, ಬೇಕರಿ, ಕ್ಯಾಂಟೀನ್, ಕೇಟರಿಂಗ್ ಅಡುಗೆಮನೆಗಳ ಮಾತೇ ಬೇರೆ. ಅಲ್ಲಿ ಒಂದೇ ಫ್ರಿಜ್ಜನ್ನು ದಿನವಿಡೀ ಹಲವು ಕೈಗಳು ತೆರೆದು ಮುಚ್ಚುತ್ತವೆ. ಬೆಳಗಿನ ಪಾಳಿಯವರು ಇಟ್ಟದ್ದನ್ನು ರಾತ್ರಿ ಪಾಳಿಯವರು ಹುಡುಕುತ್ತಾರೆ. ಗಿರಾಕಿಗಳು ತುಂಬಿರುವ ಹೊತ್ತಿನಲ್ಲಿ ಯೋಚಿಸಿ ಇಡುವಷ್ಟು ಪುರಸೊತ್ತು ಯಾರಿಗೂ ಇರುವುದಿಲ್ಲ. ನಿನ್ನೆಯಷ್ಟೇ ಕೆಲಸಕ್ಕೆ ಸೇರಿದವನೂ ಬಾಗಿಲು ತೆರೆದ ಕೂಡಲೇ, ಯಾರನ್ನೂ ಕೇಳದೆ, ಇದೇನು, ಯಾವತ್ತಿನದು, ತೆಗೆದ ಮೇಲೆ ಮತ್ತೆ ಎಲ್ಲಿಡಬೇಕು ಎಂಬ ಮೂರನ್ನೂ ಕಂಡುಕೊಳ್ಳುವಂತಿದ್ದರೆ ಆ ಫ್ರಿಜ್ ಜೋಡಣೆಯಾಗಿದೆ ಎನ್ನಬಹುದು. ಒಬ್ಬರ ನೆನಪನ್ನು ನಂಬಿಕೊಂಡಿರುವ ಜೋಡಣೆ ಆ ಒಬ್ಬರು ರಜೆ ಹಾಕಿದ ದಿನವೇ ಕುಸಿಯುತ್ತದೆ.

1. ಯಂತ್ರದ ಸ್ವಭಾವವನ್ನು ಮೊದಲು ತಿಳಿದುಕೊಳ್ಳಿ

ರೋಗ ತರುವ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುವುದು ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ. ಆದ್ದರಿಂದ ಫ್ರಿಜ್‌ನಲ್ಲಿರುವ ಆಹಾರ 1ರಿಂದ 4 ಡಿಗ್ರಿಯಲ್ಲಿಯೂ ಫ್ರೀಜರ್‌ನಲ್ಲಿರುವುದು ಮೈನಸ್ 18 ಡಿಗ್ರಿಯಲ್ಲಿ ಅಥವಾ ಅದಕ್ಕಿಂತ ಕೆಳಗೂ ಇರಬೇಕು. ಮೈನಸ್ 18 ಎಂಬ ಸಂಖ್ಯೆ ವಿಚಿತ್ರವಾಗಿ ಕಂಡರೆ, ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ ಅನ್ನು ಸೆಲ್ಸಿಯಸ್‌ಗೆ ಬದಲಾಯಿಸಿ ನೋಡಿ: ಮೈನಸ್ 17.8 ಬರುತ್ತದೆ. ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಫ್ರಿಜ್‌ನ ತಂಪು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ, ಅವುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ ಅಷ್ಟೇ. ಲಿಸ್ಟೀರಿಯಾದಂಥವು ಫ್ರಿಜ್‌ನ ಉಷ್ಣತೆಯಲ್ಲಿಯೂ ಮೆಲ್ಲಮೆಲ್ಲನೆ ಬೆಳೆಯಬಲ್ಲವು. ಫ್ರೀಜರ್‌ನಲ್ಲಿ ಬೆಳವಣಿಗೆ ನಿಲ್ಲುತ್ತದೆಯಾದರೂ ಹಲವು ಬ್ಯಾಕ್ಟೀರಿಯಾಗಳು ಜೀವ ಹಿಡಿದುಕೊಂಡೇ ಇದ್ದು, ಹೆಪ್ಪು ಕರಗಿದ ಮೇಲೆ ಮತ್ತೆ ಚುರುಕಾಗುತ್ತವೆ. ಹೀಗಾಗಿ ಒಳಗಿಟ್ಟ ಮಾತ್ರಕ್ಕೆ ಹಳೆಯದು ಹೊಸದಾಗುವುದಿಲ್ಲ.

ಎರಡನೆಯದಾಗಿ, ಈ ಯಂತ್ರಗಳನ್ನು ಕಟ್ಟಿರುವುದು ತಣ್ಣಗಿರುವುದನ್ನು ತಣ್ಣಗೆ ಉಳಿಸಲು; ಬಿಸಿಯಾಗಿರುವುದನ್ನು ತಣ್ಣಗಾಗಿಸುವ ಶಕ್ತಿ ಅವುಗಳಿಗೆ ಕಡಿಮೆ. ಒಂದು ಕಿಲೋ ನೀರನ್ನು 25 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಸುಮಾರು 105 ಕಿಲೋಜೂಲ್ ಶಾಖವನ್ನು ಹೊರತೆಗೆಯಬೇಕು. ಅದೇ ನೀರನ್ನು ಸೊನ್ನೆಯಲ್ಲೇ ಮಂಜುಗಡ್ಡೆಯಾಗಿಸಲು 334 ಕಿಲೋಜೂಲ್ ಬೇಕು, ಎಂದರೆ ಮೂರು ಪಟ್ಟಿಗಿಂತ ಹೆಚ್ಚು. ಆಹಾರದ ಬಹುಪಾಲು ನೀರೇ ಆಗಿರುವುದರಿಂದ ಫ್ರೀಜರ್‌ಗೆ ಒಂದೇ ಸಲಕ್ಕೆ ಹತ್ತಿಪ್ಪತ್ತು ಕಿಲೋ ಹೆಪ್ಪುಗಟ್ಟದ ಮಾಲನ್ನು ತುರುಕಿದಾಗ ಅದು ಗಂಟೆಗಟ್ಟಲೆ ಒದ್ದಾಡುತ್ತದೆ, ಅಷ್ಟು ಹೊತ್ತೂ ಅಕ್ಕಪಕ್ಕದ ಹಳೆಯ ಮಾಲು ಬೆಚ್ಚಗಾಗುತ್ತಿರುತ್ತದೆ.

ಹೊರಗಿನ ಫಲಕದಲ್ಲಿ ಕಾಣುವ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಒಳಗಿನ ಒಂದು ಮೂಲೆಯಲ್ಲಿರುವ ಸಂವೇದಕದ ಬಳಿಯ ಗಾಳಿಯ ಉಷ್ಣತೆಯಷ್ಟೇ ಅಲ್ಲಿ ಕಾಣುತ್ತದೆ. ಬಾಗಿಲ ಬಳಿ ಒಂದು, ನಡುವೆ ಒಂದು, ಫ್ಯಾನ್‌ನಿಂದ ದೂರದ ಮೂಲೆಯಲ್ಲಿ ಒಂದು ಹೀಗೆ ಮೂರು ಲೋಟ ನೀರನ್ನು ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮೂರರಲ್ಲೂ ಥರ್ಮಾಮೀಟರ್ ಅದ್ದಿ ನೋಡಿ. ಅತಿ ಬೆಚ್ಚಗಿರುವ ಜಾಗ ಯಾವುದೆಂದು ಆಗ ತಿಳಿಯುತ್ತದೆ. ಥರ್ಮಾಮೀಟರೇ ಸರಿಯಿದೆಯೇ ಎಂಬ ಅನುಮಾನಕ್ಕೂ ಸುಲಭದ ಪರಿಹಾರವಿದೆ: ಲೋಟದ ತುಂಬ ಪುಡಿ ಮಾಡಿದ ಮಂಜುಗಡ್ಡೆ ಹಾಕಿ, ಸಂದು ತುಂಬುವಷ್ಟು ನೀರು ಸುರಿದು, ಕಲಕಿ, ಕಡ್ಡಿಯ ತುದಿ ಲೋಟದ ತಳಕ್ಕೂ ಬದಿಗೂ ತಾಗದಂತೆ ನಡುವೆ ಹಿಡಿಯಬೇಕು. ಮುಳ್ಳು ಅಥವಾ ಅಂಕಿ ನಿಂತಾಗ ಸೊನ್ನೆ ತೋರಿಸಬೇಕು. ಒಂದು ಡಿಗ್ರಿ ಹೆಚ್ಚುಕಡಿಮೆ ಇದ್ದರೆ ಅದನ್ನು ಸರಿಪಡಿಸಬೇಕು. ಸರಿಪಡಿಸಲು ಬರುವುದಿಲ್ಲವೆಂದರೆ ಬದಲಾಯಿಸಬೇಕು.

2. ಪೂರ್ತಿ ಖಾಲಿ ಮಾಡಿ

ಇದ್ದದ್ದನ್ನು ಅಲ್ಲಲ್ಲೇ ಸರಿಸಿ ಜೋಡಿಸುವ ಪ್ರಯತ್ನ ಎಂದೂ ಫಲಿಸುವುದಿಲ್ಲ. ಸರಕು ಅತಿ ಕಡಿಮೆ ಇರುವ ದಿನ, ಹೊಸ ಮಾಲು ಬರುವುದಕ್ಕೆ ಮೊದಲು, ಎಲ್ಲವನ್ನೂ ಹೊರತೆಗೆಯಬೇಕು. ತೆಗೆದದ್ದನ್ನು ಇನ್ನೊಂದು ಫ್ರಿಜ್‌ಗೆ ಸಾಗಿಸಬೇಕು. ಅದಿಲ್ಲದಿದ್ದರೆ ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಪೆಟ್ಟಿಗೆಗಳು ಸಾಕು. ಹಸಿ ಮಾಂಸಕ್ಕೂ ಬೇಯಿಸಿದ ಆಹಾರಕ್ಕೂ ಬೇರೆ ಬೇರೆ ಪೆಟ್ಟಿಗೆ ಇರಲಿ. ಈ ಹೊತ್ತಿನಲ್ಲಿ ಕೈಗೆ ಬರುವ ಹೆಸರಿಲ್ಲದ ಡಬ್ಬಿಗಳನ್ನು ಮೂಸಿ ನೋಡಿ ತೀರ್ಮಾನಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಆಹಾರ ಹಳಸಿದ್ದನ್ನು ಮೂಗು ಹೇಳೀತು. ಕಾಯಿಲೆ ತರುವ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಎಂಬುದನ್ನು ಅದು ಹೇಳಲಾರದು. ಏನು, ಯಾವತ್ತಿನದು ಎಂದು ಯಾರೂ ಖಚಿತವಾಗಿ ಹೇಳಲಾಗದ ಡಬ್ಬಿ ನೇರವಾಗಿ ಕಸಕ್ಕೆ ಹೋಗಬೇಕು. ಹೊಟ್ಟೆ ಉರಿಯುತ್ತದೆ, ನಿಜ. ಎಸೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಯಾವುದನ್ನು ಅಗತ್ಯಕ್ಕಿಂತ ಹೆಚ್ಚು ಕೊಳ್ಳುತ್ತಿದ್ದೀರಿ ಎಂಬುದು ಅದರಲ್ಲೇ ಕಾಣುತ್ತದೆ.

ಯಂತ್ರವನ್ನು ಆರಿಸಿ, ಪ್ಲಗ್ ಕಳಚಿ, ಕಪಾಟುಗಳನ್ನು ಹೊರತೆಗೆದು ಬೆಚ್ಚಗಿನ ಸೋಪು ನೀರಿನಿಂದ ತೊಳೆಯಿರಿ. ಸೋಪಿನ ಅಂಶ ಪೂರ್ತಿ ಹೋಗುವಂತೆ ನೀರಿನಿಂದ ಒರೆಸಿದ ಮೇಲೆಯೇ ಸೋಂಕುನಿವಾರಕವನ್ನು, ಅದರ ತಯಾರಕರು ಹೇಳಿದ ಪ್ರಮಾಣದಲ್ಲಿ, ಬಳಿಯಬೇಕು. ಜಿಡ್ಡು ಮತ್ತು ಸೋಪು ಉಳಿದಿದ್ದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಬಟ್ಟೆಯಿಂದ ಒರೆಸಿ ಒಣಗಿಸುವ ಬದಲು ಗಾಳಿಗೆ ಒಣಗಲು ಬಿಡಿ. ಫ್ರೀಜರ್‌ನಲ್ಲಿ ಕಟ್ಟಿದ ಮಂಜನ್ನು ಚಾಕುವಿನಿಂದ ಕೆತ್ತಬಾರದು. ಮಂಜಿನ ಹಿಂದೆಯೇ ತಂಪು ಕೊಡುವ ಕೊಳವೆಗಳಿರುತ್ತವೆ. ಒಂದು ತೂತು ಬಿದ್ದರೆ ಅನಿಲವೆಲ್ಲ ಸೋರಿ ಯಂತ್ರವೇ ಕೆಡಬಹುದು. ಬಾಗಿಲು ತೆರೆದಿಟ್ಟು, ಒಳಗೊಂದು ಬಿಸಿನೀರಿನ ಪಾತ್ರೆ ಇಟ್ಟರೆ ಮಂಜು ತಾನಾಗಿಯೇ ಬಿಡುತ್ತದೆ.

ಖಾಲಿ ಇರುವಾಗಲೇ ನೋಡಬೇಕಾದ ಇನ್ನು ಮೂರು ಭಾಗಗಳಿವೆ. ಬಾಗಿಲಿನ ಅಂಚಿನ ರಬ್ಬರ್ ಪಟ್ಟಿಯ ಮಡಿಕೆಗಳಲ್ಲಿ ಕಪ್ಪು ಬೂಷ್ಟು ಕಟ್ಟಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅದನ್ನು ತೆಗೆಯಿರಿ. ನಂತರ ಒಂದು ಕಾಗದದ ಚೀಟಿಯನ್ನು ಅಂಚಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಚೀಟಿ ಬಿಗಿಯಾಗಿ ಬಂದರೆ ಪಟ್ಟಿ ಸರಿಯಿದೆ. ಸಲೀಸಾಗಿ ಜಾರಿ ಬಂದರೆ ಆ ಜಾಗದಿಂದ ತಂಪು ಸೋರುತ್ತಿದೆ. ಬಾಗಿಲಿನ ನಾಲ್ಕೂ ಬದಿಯಲ್ಲಿ, ಅದರಲ್ಲೂ ಕೆಳಗಿನ ಮೂಲೆಗಳಲ್ಲಿ, ಹೀಗೆ ನೋಡಬೇಕು. ಎರಡನೆಯದು ಹೊರಗೆ ಶಾಖ ಬಿಡುವ ಕಂಡೆನ್ಸರ್ ಜಾಲರಿ. ಅಡುಗೆಮನೆಯ ಎಣ್ಣೆ ಹೊಗೆ ಮತ್ತು ಹಿಟ್ಟಿನ ಧೂಳು ಸೇರಿ ಅದರ ಮೇಲೆ ಕಂಬಳಿಯಂತೆ ಕೂರುತ್ತದೆ. ತಿಂಗಳಿಗೊಮ್ಮೆ ಬ್ರಷ್‌ನಿಂದ ತೆಗೆಯದಿದ್ದರೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಆದರೂ ಒಳಗೆ ತಂಪಾಗುವುದಿಲ್ಲ. ಮೂರನೆಯದು ಒಳಗಿನ ನೀರು ಹೊರಹೋಗುವ ರಂಧ್ರ.

3. ಕಾಗದದ ಮೇಲೆ ನಕ್ಷೆ

ಸಾಮಾನುಗಳನ್ನು ಮರಳಿ ಇಡುವ ಮೊದಲು ಕಪಾಟುಗಳ ಅಗಲ, ಆಳ, ನಡುವಿನ ಎತ್ತರಗಳನ್ನು ಅಳೆದು ಒಂದು ಚಿತ್ರ ಬರೆಯಿರಿ. ಡಬ್ಬಿಗಳು ಹತ್ತು ಆಕಾರದವಾಗಿದ್ದರೆ ಯಾವ ನಕ್ಷೆಯೂ ನಿಲ್ಲುವುದಿಲ್ಲ. ವೃತ್ತಿಪರ ಅಡುಗೆಮನೆಗಳಲ್ಲಿ ಬಳಕೆಯಲ್ಲಿರುವ ಗ್ಯಾಸ್ಟ್ರೊನಾರ್ಮ್ ಅಳತೆಯ ಸ್ಟೀಲ್ ತಟ್ಟೆಗಳು ಈ ಕಾರಣಕ್ಕೇ ಉಪಯುಕ್ತ: ಪೂರ್ಣ ತಟ್ಟೆ 530 ಮಿಲಿಮೀಟರ್ ಉದ್ದ, 325 ಅಗಲ, ಅರ್ಧ ತಟ್ಟೆ 325ಕ್ಕೆ 265, ಮೂರನೇ ಒಂದು ಭಾಗದ್ದು 325ಕ್ಕೆ 176. ಒಂದು ಪೂರ್ಣದ ಜಾಗದಲ್ಲಿ ಎರಡು ಅರ್ಧ ಅಥವಾ ಮೂರು ಮೂರನೇ ಭಾಗದ ತಟ್ಟೆಗಳು ಸರಿಯಾಗಿ ಕೂರುತ್ತವೆ. ಹೊಸದಾಗಿ ಕೊಳ್ಳಲು ಬಂಡವಾಳ ಇಲ್ಲದವರು ಒಂದೇ ಬಗೆಯ ಚೌಕಾಕಾರದ ಡಬ್ಬಿಗಳನ್ನು ಆರಿಸಿಕೊಂಡರೂ ನಡೆಯುತ್ತದೆ. ದುಂಡನೆಯ ಡಬ್ಬಿಗಳು ಮಾತ್ರ ಜಾಗ ತಿನ್ನುತ್ತವೆ.

4. ಮೇಲಿನಿಂದ ಕೆಳಕ್ಕೆ: ಯಾವುದರ ಮೇಲೆ ಯಾವುದು ತೊಟ್ಟಿಕ್ಕಬಹುದು

ಇಡೀ ಜೋಡಣೆಯ ತಿರುಳು ಇಲ್ಲಿದೆ. ಹಸಿ ಕೋಳಿಯ ತಟ್ಟೆಯಿಂದ ಒಂದು ಹನಿ ರಸ ಕೆಳಗಿನ ಕಪಾಟಿನ ಕತ್ತರಿಸಿಟ್ಟ ಹಣ್ಣಿನ ಮೇಲೆ ಬಿತ್ತೆಂದುಕೊಳ್ಳಿ. ಕೋಳಿಯನ್ನು ಹೇಗೂ ಬೇಯಿಸುತ್ತೀರಿ, ಅದರಲ್ಲಿದ್ದ ಸಾಲ್ಮೊನೆಲ್ಲಾ ಸಾಯುತ್ತದೆ. ಹಣ್ಣನ್ನು ಬೇಯಿಸುವವರಿಲ್ಲ. ಹಾಗಾಗಿ ಇನ್ನು ಬೇಯಿಸುವ ಅಗತ್ಯವಿಲ್ಲದ, ಹಾಗೆಯೇ ಬಡಿಸುವ ಆಹಾರ ಎಲ್ಲಕ್ಕಿಂತ ಮೇಲಿರಬೇಕು. ಉಳಿದವು, ಬೇಯಿಸುವಾಗ ಒಳಭಾಗ ಎಷ್ಟು ಬಿಸಿಯಾಗಬೇಕೋ ಆ ಕ್ರಮದಲ್ಲಿ, ಹೆಚ್ಚು ಬಿಸಿ ಬೇಕಾದದ್ದು ಹೆಚ್ಚು ಕೆಳಗೆ ಬರುವಂತೆ ಇಳಿಯಬೇಕು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಆಹಾರ ಸಂಹಿತೆಯ ಪ್ರಕಾರ ಮೀನು ಮತ್ತು ಇಡಿ ಮಾಂಸದ ತುಂಡುಗಳ ಒಳಭಾಗ 63 ಡಿಗ್ರಿ, ಕೀಮಾ 68 ಡಿಗ್ರಿ, ಕೋಳಿ 74 ಡಿಗ್ರಿ ತಲುಪಬೇಕು. ಇದನ್ನೇ ಕಪಾಟಿಗೆ ಇಳಿಸಿದರೆ ಎಲ್ಲಕ್ಕಿಂತ ಮೇಲೆ ಬೇಯಿಸಿದ ಆಹಾರ, ಸಿಹಿತಿನಿಸು, ಕೆನೆ, ತೊಳೆದು ಹೆಚ್ಚಿದ ತರಕಾರಿ, ಅದರ ಕೆಳಗೆ ಹಾಲು, ಬೆಣ್ಣೆ, ಚೀಸ್‌ನಂಥ ಮುಚ್ಚಿದ ಪೊಟ್ಟಣಗಳು, ಆಮೇಲೆ ತೊಳೆಯದ ತರಕಾರಿ, ಅದರ ಕೆಳಗೆ ಮೀನು ಮತ್ತು ಮೊಟ್ಟೆ, ನಂತರ ಇಡಿ ಮಾಂಸ, ನಂತರ ಕೀಮಾ, ಕಟ್ಟಕಡೆಗೆ ಕೋಳಿ ಎಂದಾಗುತ್ತದೆ. ಕೀಮಾ ಇಡಿ ಮಾಂಸಕ್ಕಿಂತ ಕೆಳಗೇಕೆ ಎಂದು ಅಡುಗೆಯವರು ಕೇಳುವುದುಂಟು. ಇಡಿ ತುಂಡಿನಲ್ಲಿ ಬ್ಯಾಕ್ಟೀರಿಯಾ ಬಹುಮಟ್ಟಿಗೆ ಹೊರಮೈಯಲ್ಲಿರುತ್ತದೆ, ಕೊಚ್ಚಿದಾಗ ಆ ಹೊರಮೈ ಒಳಗೆಲ್ಲ ಬೆರೆತುಹೋಗುತ್ತದೆ. ಈ ಕಾರಣವನ್ನು ಒಮ್ಮೆ ಹೇಳಿಕೊಟ್ಟರೆ ಗೋಡೆಗೆ ಅಂಟಿಸಿದ ಪಟ್ಟಿಯನ್ನು ನೋಡದೆಯೂ ಅವರು ಸರಿಯಾಗಿಯೇ ಇಡುತ್ತಾರೆ.

ಎರಡು ಫ್ರಿಜ್ ಇರುವವರು ಒಂದನ್ನು ಪೂರ್ತಿಯಾಗಿ ಹಸಿ ಮಾಂಸ-ಮೀನಿಗೆ ಬಿಟ್ಟುಕೊಡುವುದೇ ಲೇಸು. ಒಂದೇ ಇದ್ದರೆ ಹಸಿ ಮಾಂಸದ ಪ್ರತಿ ಪೊಟ್ಟಣವೂ ಅಂಚಿರುವ ಆಳವಾದ ತಟ್ಟೆಯೊಳಗೆ ಕೂರಲಿ. ಸಸ್ಯಾಹಾರದ ಅಡುಗೆಮನೆಗಳಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ: ಮಣ್ಣು ಅಂಟಿದ ಸೊಪ್ಪು, ಗೆಡ್ಡೆಗಳು ಬೇಯಿಸಿದ ಆಹಾರದ ಮೇಲಿರಬಾರದು. ಕಡಲೆಕಾಯಿ, ಗೋಡಂಬಿ, ಎಳ್ಳು, ಹಾಲು, ಮೊಟ್ಟೆಯಂಥ ಅಲರ್ಜಿ ತರುವ ಪದಾರ್ಥಗಳಿರುವ ಡಬ್ಬಿಗಳು ಬಿಗಿ ಮುಚ್ಚಳದೊಂದಿಗೆ, ಅವು ಬೆರೆಯದ ಆಹಾರಕ್ಕಿಂತ ಕೆಳಗೆ ಇರಲಿ. ಇಲ್ಲಿ ಮೊದಲ ನಿಯಮಕ್ಕೂ ಇದಕ್ಕೂ ತಾಕಲಾಟ ಬರಬಹುದು. ಆಗ ಎತ್ತರವನ್ನು ಬಿಟ್ಟು ಮುಚ್ಚಳ ಮತ್ತು ಪ್ರತ್ಯೇಕ ಬದಿಯನ್ನು ನಂಬಬೇಕು. ತರಕಾರಿಗೆ ಸಂಬಂಧಿಸಿ ಇನ್ನೊಂದು ಮಾತು: ಸೇಬು, ಬಾಳೆ, ಟೊಮೆಟೊ ಮಾಗುವಾಗ ಎಥಿಲೀನ್ ಎಂಬ ಅನಿಲ ಬಿಡುತ್ತವೆ, ಅದು ತಾಗಿದ ಸೊಪ್ಪು ಬೇಗ ಹಳದಿಯಾಗುತ್ತದೆ. ಆದ್ದರಿಂದ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ.

5. ಗಾಳಿಗೆ ದಾರಿ ಬಿಡಿ

ಫ್ರಿಜ್‌ನಲ್ಲಿ ತಂಪನ್ನು ಹೊತ್ತು ತಿರುಗುವುದು ಗಾಳಿ. ಫ್ಯಾನ್‌ನ ಮುಂದೆ ಪೆಟ್ಟಿಗೆ ಒಡ್ಡಿದರೆ ಆ ಪೆಟ್ಟಿಗೆ ಹೆಪ್ಪುಗಟ್ಟುತ್ತದೆ, ಉಳಿದದ್ದೆಲ್ಲ ಬೆಚ್ಚಗಾಗುತ್ತದೆ. ಗೋಡೆಗೂ ಡಬ್ಬಿಗೂ ನಡುವೆ ಕೆಲವು ಸೆಂಟಿಮೀಟರ್, ಡಬ್ಬಿಗಳ ನಡುವೆ ಬೆರಳು ತೂರುವಷ್ಟು ಜಾಗ ಬೇಕು. ಜಾಲರಿ ಕಪಾಟಿನ ಮೇಲೆ ಸ್ವಚ್ಛತೆಗೆಂದು ರಟ್ಟು, ಪ್ಲಾಸ್ಟಿಕ್ ಹಾಳೆ, ಅಲ್ಯುಮಿನಿಯಂ ಹಾಳೆ ಹಾಸುವವರಿದ್ದಾರೆ. ಗಾಳಿ ಮೇಲಿಂದ ಕೆಳಗೆ ಹರಿಯಲೆಂದೇ ಕಪಾಟನ್ನು ಜಾಲರಿಯಾಗಿ ಮಾಡಿರುವಾಗ ಹಾಸು ಹಾಕುವುದು ಆ ಉಪಾಯವನ್ನೇ ಕೆಡಿಸಿದಂತೆ. ಮಾಲು ಬಂದ ರಟ್ಟಿನ ಪೆಟ್ಟಿಗೆಗಳನ್ನೂ ಹೊರಗೇ ಬಿಚ್ಚಿ ಬಿಸಾಡಬೇಕು. ಅವು ತೇವ ಹೀರುತ್ತವೆ, ತಂಪನ್ನು ತಡೆಯುತ್ತವೆ, ಉಗ್ರಾಣದ ಜಿರಲೆಗಳನ್ನೂ ಅವುಗಳ ಮೊಟ್ಟೆಗಳನ್ನೂ ಹೊತ್ತು ತರುತ್ತವೆ. ಒಳಗೆ ನಡೆದುಹೋಗಬಹುದಾದ ಕೋಲ್ಡ್ ರೂಮ್‌ನಲ್ಲಿ ಏನನ್ನೂ ನೆಲದ ಮೇಲೆ ಇಡಬಾರದು, ಕನಿಷ್ಠ 15 ಸೆಂಟಿಮೀಟರ್ ಎತ್ತರದಲ್ಲಿಡಬೇಕು.

6. ಹೆಸರು, ದಿನ, ಸರದಿ

ಚೀಟಿಯನ್ನು ಮುಚ್ಚಳಕ್ಕೆ ಅಂಟಿಸಬೇಡಿ. ನಾನು ಕೆಲಸ ಮಾಡಿದ ಒಂದು ಅಡುಗೆಮನೆಯಲ್ಲಿ ಎಲ್ಲ ಡಬ್ಬಿಗಳಿಗೂ ಅಚ್ಚುಕಟ್ಟಾದ ಚೀಟಿಗಳಿದ್ದವು, ಎಲ್ಲವೂ ಮುಚ್ಚಳದ ಮೇಲೆ. ಗಡಿಬಿಡಿಯ ಹೊತ್ತಿನಲ್ಲಿ ಒಬ್ಬರು ಎರಡು ಡಬ್ಬಿ ತೆರೆದು ಮುಚ್ಚಳ ಅದಲುಬದಲು ಮಾಡಿದರು. ಮೂರು ದಿನದ ಹಿಂದಿನ ಗ್ರೇವಿಗೆ ಅಂದಿನ ದಿನಾಂಕ ಬಂತು, ಅಂದಿನದು ಕಸಕ್ಕೆ ಹೋಯಿತು. ಅಂದಿನಿಂದ ಚೀಟಿಯನ್ನು ಡಬ್ಬಿಯ ಮೈಗೆ, ಬಾಗಿಲಿಗೆ ಎದುರಾಗಿರುವ ಬದಿಯಲ್ಲಿ ಅಂಟಿಸುವುದೇ ನಿಯಮವಾಯಿತು.

ಚೀಟಿಯಲ್ಲಿ ನಾಲ್ಕು ಸಂಗತಿಗಳಿರಲಿ: ಪದಾರ್ಥದ ಹೆಸರು, ಮಾಡಿದ ಅಥವಾ ತೆರೆದ ದಿನ ಮತ್ತು ಹೊತ್ತು, ಎಸೆಯಬೇಕಾದ ದಿನ, ಬರೆದವರ ಹೆಸರಿನ ಮೊದಲಕ್ಷರ. ಎಸೆಯಬೇಕಾದ ದಿನವನ್ನು ಮೊದಲೇ ಬರೆದಿಡುವುದರಿಂದ ದಣಿದ ರಾತ್ರಿಯಲ್ಲಿ ಯಾರೂ ಲೆಕ್ಕ ಹಾಕುತ್ತ ನಿಲ್ಲಬೇಕಾಗುವುದಿಲ್ಲ. ಹಾಗೆಯೇ ಬಡಿಸುವ, ಬೇಗ ಕೆಡುವ ಆಹಾರವನ್ನು 5 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ ಇಟ್ಟರೂ 7 ದಿನ ಮೀರಿಸಬಾರದೆಂದೂ ಮಾಡಿದ ದಿನವನ್ನೇ ಒಂದನೆಯ ದಿನವೆಂದು ಎಣಿಸಬೇಕೆಂದೂ ಮೇಲೆ ಹೇಳಿದ ಸಂಹಿತೆ ಹೇಳುತ್ತದೆ. ಇದು ಗರಿಷ್ಠ ಮಿತಿ. ನಿಮ್ಮಲ್ಲಿನ ನಿಯಮ ಇನ್ನೂ ಬಿಗಿಯಾಗಿದ್ದರೆ ಅದನ್ನೇ ಪಾಲಿಸಬೇಕು. ನನ್ನ ಮಟ್ಟಿಗೆ ಅನ್ನ, ಗ್ರೇವಿ, ಬೇಯಿಸಿದ ತರಕಾರಿಗಳಿಗೆ ಮೂರು ದಿನವೇ ಸಾಕು. ತೆರೆದ ತಗಡಿನ ಡಬ್ಬಿಯ ಆಹಾರವನ್ನು ಬೇರೆ ಪಾತ್ರೆಗೆ ಸುರಿದು, ತೆರೆದ ದಿನ ಬರೆದು ಇಡಬೇಕು.

ಮೊದಲು ಬಂದದ್ದು ಮೊದಲು ಖರ್ಚಾಗಬೇಕೆಂಬುದು ಎಲ್ಲರಿಗೂ ಗೊತ್ತು. ಇನ್ನೂ ಸರಿಯಾದದ್ದು, ಮೊದಲು ಅವಧಿ ಮುಗಿಯುವುದು ಮೊದಲು ಖರ್ಚಾಗಬೇಕೆಂಬುದು, ಏಕೆಂದರೆ ಇಂದು ಬಂದ ಹಾಲಿನ ಅವಧಿ ನಿನ್ನೆ ಬಂದದ್ದಕ್ಕಿಂತ ಬೇಗ ಮುಗಿಯುವುದೂ ಉಂಟು. ಹೊಸದನ್ನು ಹಿಂದೆ ಇಟ್ಟು, ಹಳೆಯದನ್ನು ಮುಂದಕ್ಕೆ ಎಳೆಯಬೇಕು. ಇದನ್ನು ಮುರಿಯುವ ಅತಿ ಸಾಮಾನ್ಯ ತಪ್ಪು ಎಂದರೆ ಅರ್ಧ ಖಾಲಿಯಾದ ಪಾತ್ರೆಗೆ ಹೊಸದನ್ನು ಸುರಿದು ತುಂಬುವುದು. ತಳದಲ್ಲಿರುವ ಹಳೆಯ ಚಟ್ನಿಯೋ ಸಾಸೋ ಹೊರಬರುವುದೇ ಇಲ್ಲ, ಹೊಸದರ ಆಯಸ್ಸೂ ಹಳೆಯದರದ್ದೇ ಆಗುತ್ತದೆ. ಪಾತ್ರೆ ಬರಿದಾದ ಮೇಲೆ ತೊಳೆದ ಬೇರೊಂದು ಪಾತ್ರೆಯಲ್ಲಿ ಹೊಸದನ್ನು ತರಬೇಕು.

7. ಬಿಸಿ ಆಹಾರ ಒಳಗೆ ಹೋಗುವ ಮುನ್ನ

ರಾತ್ರಿ ಉಳಿದ ಸೂಪಿನ ಇಪ್ಪತ್ತು ಲೀಟರ್ ಪಾತ್ರೆಯನ್ನು ಹಾಗೆಯೇ ಫ್ರಿಜ್‌ಗೆ ಸೇರಿಸಿ ಬೀಗ ಹಾಕಿ ಹೋಗುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಬೆಳಿಗ್ಗೆ ಮೇಲ್ಮೈ ಮುಟ್ಟಿದರೆ ತಣ್ಣಗಿರುತ್ತದೆ. ಸೌಟನ್ನು ತಳಕ್ಕೆ ಇಳಿಸಿ ತಿರುವಿದರೆ ನಡುವಿನಿಂದ ಉಗುರುಬೆಚ್ಚನೆಯ ಸೂಪು ಮೇಲೆ ಬರುತ್ತದೆ. ಬೇಯಿಸುವಾಗ ಸಾಯದ ಬೀಜಾಣುಗಳಿಂದ ಮತ್ತೆ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನಂಥ ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಒಳ್ಳೆಯ ರಾತ್ರಿ ಬೇಕಿಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ವಾಂತಿ ತರಿಸುವ ಒಂದು ವಿಷವನ್ನು ಉಂಟುಮಾಡುತ್ತದೆ. ಮತ್ತೆ ಬಿಸಿ ಮಾಡಿದರೂ ಅದು ನಾಶವಾಗುವುದಿಲ್ಲ.

ಆದ್ದರಿಂದ ಎರಡು ಹಂತದ ಲೆಕ್ಕವನ್ನು ಪಾಲಿಸಿ: 57 ಡಿಗ್ರಿಯಿಂದ 21 ಡಿಗ್ರಿಗೆ 2 ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಮುಂದಿನ 4 ಗಂಟೆಯೊಳಗೆ ಇಳಿಯಬೇಕು. ದಪ್ಪನೆಯ ಆಹಾರವನ್ನು 5 ಸೆಂಟಿಮೀಟರ್ ಮೀರದ ಆಳಕ್ಕೆ ಅಗಲವಾದ ತಟ್ಟೆಗಳಲ್ಲಿ ಹರಡುವುದು, ತೆಳುವಾದದ್ದನ್ನು ಮಂಜುಗಡ್ಡೆ ನೀರಿನಲ್ಲಿ ಪಾತ್ರೆ ಇಳಿಸಿ ಕಲಕುತ್ತಿರುವುದು, ಸೂಪನ್ನು ಗಟ್ಟಿಯಾಗಿ ಮಾಡಿ ಕೊನೆಗೆ ಮಂಜುಗಡ್ಡೆ ಬೆರೆಸಿ ಹದಕ್ಕೆ ತರುವುದು, ಇವೆಲ್ಲ ಖರ್ಚಿಲ್ಲದ ಉಪಾಯಗಳು. ಫ್ರಿಜ್‌ಗೆ ಇಟ್ಟ ಮೇಲೂ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳವನ್ನು ಸ್ವಲ್ಪ ಓರೆಯಾಗಿಟ್ಟು, ಮೇಲಿನ ಕಪಾಟಿನಲ್ಲಿ, ಏನೂ ತೊಟ್ಟಿಕ್ಕದ ಕಡೆ ಇರಿಸಬೇಕು.

8. ಫ್ರೀಜರ್‌ನ ಲೆಕ್ಕಾಚಾರ ಬೇರೆ

ಗಟ್ಟಿಯಾಗಿ ಹೆಪ್ಪುಗಟ್ಟಿದ ಮಾಲನ್ನು ಒತ್ತೊತ್ತಾಗಿ ಇಡುವುದರಿಂದ ಲಾಭವೇ ಹೆಚ್ಚು. ಅವು ಒಂದನ್ನೊಂದು ತಣ್ಣಗಿಡುತ್ತವೆ. ಆಗಷ್ಟೇ ಹೆಪ್ಪುಗಟ್ಟಬೇಕಾದ ಮಾಲಿಗೆ ಮಾತ್ರ ಸುತ್ತ ಗಾಳಿ ಬೇಕು, ಮತ್ತು ಅದು ಬೇಗ ಹೆಪ್ಪುಗಟ್ಟಬೇಕು. ನಿಧಾನವಾಗಿ ಹೆಪ್ಪುಗಟ್ಟಿದಾಗ ದೊಡ್ಡ ಮಂಜಿನ ಹರಳುಗಳು ಮೂಡಿ ಜೀವಕೋಶಗಳ ಪೊರೆಗಳನ್ನು ಹರಿಯುತ್ತವೆ. ಕರಗಿದ ಮೇಲೆ ಮೀನು ಮೆತ್ತಗಾಗಿ ನೀರು ಬಿಡುವುದು ಈ ಕಾರಣದಿಂದ. ಕೆಲಸಕ್ಕೆ ಒಂದು ಸಲಕ್ಕೆ ಬೇಕಾದಷ್ಟನ್ನೇ ಚೀಲದಲ್ಲಿ ತುಂಬಿ, ಗಾಳಿ ಹೊರದೂಡಿ, ಪುಸ್ತಕದಂತೆ ಚಪ್ಪಟೆಯಾಗಿಸಿ ತಟ್ಟೆಯ ಮೇಲೆ ಮಲಗಿಸಿ. ಗಟ್ಟಿಯಾದ ಮೇಲೆ ಅವುಗಳನ್ನು ಕಪಾಟಿನಲ್ಲಿ ಪುಸ್ತಕಗಳಂತೆಯೇ ನಿಲ್ಲಿಸಿದರೆ ಬೆನ್ನಿನ ಮೇಲಿನ ಹೆಸರು ಓದಿ ಎಳೆಯಬಹುದು. ಹೆಸರನ್ನು ಹೆಪ್ಪುಗಟ್ಟುವ ಮೊದಲೇ ಬರೆಯಬೇಕು, ಮಂಜು ಹಿಡಿದ ಚೀಲದ ಮೇಲೆ ಮಾರ್ಕರ್ ಹತ್ತುವುದಿಲ್ಲ. ಚೀಲದಲ್ಲಿ ಗಾಳಿ ಉಳಿದರೆ ಆಹಾರದ ಮಂಜು ನೇರವಾಗಿ ಆವಿಯಾಗಿ ಮೇಲ್ಮೈ ಬಿಳಚಿಕೊಂಡು ಒಣಗುತ್ತದೆ. ಅಂಥದ್ದನ್ನು ತಿಂದರೆ ತೊಂದರೆಯಿಲ್ಲ, ರುಚಿ ಮಾತ್ರ ಹೋಗಿರುತ್ತದೆ.

ಮೇಲಿನಿಂದ ತೆರೆಯುವ ಪೆಟ್ಟಿಗೆ ಮಾದರಿಯ ಫ್ರೀಜರ್ ತಂಪನ್ನು ಚೆನ್ನಾಗಿ ಹಿಡಿದಿಡುತ್ತದೆ; ತಳಕ್ಕೆ ಹೋದದ್ದು ಮಾತ್ರ ವರ್ಷವಾದರೂ ಮೇಲೆ ಬರುವುದಿಲ್ಲ. ಒಳಗೆ ಹಿಡಿಕೆಯಿರುವ ಬುಟ್ಟಿಗಳನ್ನು ಇಳಿಸಿ, ಒಂದೊಂದು ಬುಟ್ಟಿಗೆ ಒಂದೊಂದು ಬಗೆಯನ್ನು ಗೊತ್ತುಮಾಡಿ, ಮುಚ್ಚಳದ ಹೊರಗೆ ಪಟ್ಟಿ ಅಂಟಿಸಿ. ಇಟ್ಟಾಗ ಒಂದು ಗೆರೆ, ತೆಗೆದಾಗ ಅದರ ಮೇಲೊಂದು ಅಡ್ಡಗೆರೆ ಹಾಕುವಷ್ಟು ಸರಳವಾಗಿದ್ದರೆ ಮಾತ್ರ ಆ ಪಟ್ಟಿಯನ್ನು ಜನ ಬಳಸುತ್ತಾರೆ.

ಹೆಪ್ಪು ಕರಗಿಸುವುದಕ್ಕೆ ಫ್ರಿಜ್‌ನ ಅತಿ ಕೆಳಗಿನ ಕಪಾಟಿನಲ್ಲಿ, ಅಂಚಿರುವ ತಟ್ಟೆಯೊಂದಕ್ಕೆ ಕಾಯಂ ಜಾಗ ಮೀಸಲಿಡಿ. ಎರಡು ಎರಡೂವರೆ ಕಿಲೋದ ಗಟ್ಟಿ ತುಂಡಿಗೆ ಸುಮಾರು 24 ಗಂಟೆ ಹಿಡಿಯುತ್ತದೆ, ಆದ್ದರಿಂದ ನಾಳೆಯ ಅಡುಗೆಯ ಮಾಂಸ ಇಂದು ಬೆಳಿಗ್ಗೆಯೇ ಕೆಳಗಿಳಿಯಬೇಕು. ಮೇಜಿನ ಮೇಲೆ ಕರಗಿಸಿದರೆ ಒಳಗೆ ಇನ್ನೂ ಕಲ್ಲಾಗಿರುವಾಗಲೇ ಹೊರಮೈ ಅಪಾಯದ ಉಷ್ಣತೆಗೆ ಏರಿರುತ್ತದೆ.

9. ಮಾಲು ಬಂದಾಗ

ಪೂರೈಕೆದಾರರ ವಾಹನ ಬಾಗಿಲಿಗೆ ಬರುವ ಮುನ್ನವೇ ಒಳಗೆ ಜಾಗ ಸಿದ್ಧವಿರಲಿ. ಥರ್ಮಾಮೀಟರಿನ ಕಡ್ಡಿಯನ್ನು ಎರಡು ಪೊಟ್ಟಣಗಳ ನಡುವೆ ತೂರಿಸಿ ಓದಿ; ಪೊಟ್ಟಣ ಒಡೆಯಬೇಕಿಲ್ಲ. ಫ್ರಿಜ್‌ನ ಮಾಲು 5 ಡಿಗ್ರಿ ಮೀರಿದ್ದರೆ ಹಿಂದಕ್ಕೆ ಕಳಿಸುವುದಕ್ಕೆ ಸಂಕೋಚ ಬೇಡ. ಮೀನಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಬೇಕು: ಬೆಚ್ಚಗಿದ್ದ ಬಂಗುಡೆ, ಟ್ಯೂನಾಗಳಲ್ಲಿ ಹುಟ್ಟುವ, ಕಾಯಿಲೆ ತರುವ ಹಿಸ್ಟಮೀನ್ ಎಂಬ ವಸ್ತು ಆಮೇಲೆ ಎಷ್ಟು ತಣ್ಣಗಾಗಿಸಿದರೂ ಬೇಯಿಸಿದರೂ ಹೋಗುವುದಿಲ್ಲ. ಹೆಪ್ಪುಗಟ್ಟಿದ ಪೊಟ್ಟಣದೊಳಗೆ ದೊಡ್ಡ ಮಂಜಿನ ಹರಳುಗಳೋ ತಳದಲ್ಲಿ ಗಟ್ಟಿಯಾದ ರಸದ ಕಲೆಯೋ ಕಂಡರೆ ಅದು ದಾರಿಯಲ್ಲೆಲ್ಲೋ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದು ತಿಳಿಯಬೇಕು. ಒಪ್ಪಿಕೊಂಡ ಮಾಲಿನಲ್ಲಿ ಮೊದಲು ಫ್ರೀಜರ್‌ನದು, ನಂತರ ಫ್ರಿಜ್‌ನದು, ಕೊನೆಗೆ ಒಣ ಸಾಮಾನು ಒಳಗೆ ಹೋಗಲಿ.

10. ನಿತ್ಯದ ಪಾಲನೆ ಮತ್ತು ಕರೆಂಟ್ ಹೋದ ಹೊತ್ತು

ಅಂಗಡಿ ತೆರೆಯುವಾಗ, ನಡುಹೊತ್ತಿನಲ್ಲಿ ಮತ್ತು ಮುಚ್ಚುವಾಗ ಉಷ್ಣತೆಯನ್ನು ನೋಡಿ ಬರೆಯಲು ಪ್ರತಿ ಪಾಳಿಯಲ್ಲಿ ಒಬ್ಬರ ಹೆಸರು ನಿಗದಿಯಾಗಿರಲಿ. ಎಲ್ಲರ ಕೆಲಸ ಎಂದದ್ದನ್ನು ಯಾರೂ ಮಾಡುವುದಿಲ್ಲ. ಫ್ರಿಜ್ 8 ಡಿಗ್ರಿ ತೋರಿಸಿದರೆ ಗಾಬರಿಯಾಗುವ ಮೊದಲು ಬಾಗಿಲು ಎಷ್ಟು ಹೊತ್ತು ತೆರೆದಿತ್ತು, ಯಂತ್ರ ತಾನಾಗಿ ಮಂಜು ಕರಗಿಸಿಕೊಳ್ಳುವ ಹೊತ್ತೇ ಇದು ಎಂದು ವಿಚಾರಿಸಿ, ಆಹಾರದ ಒಳಗಿನ ಉಷ್ಣತೆಯನ್ನೇ ಅಳೆದು, ಅರ್ಧ ಗಂಟೆಯ ನಂತರ ಮತ್ತೆ ನೋಡಬೇಕು. ಇಳಿಯದಿದ್ದರೆ ಆಹಾರವನ್ನು ಸಾಗಿಸಿ ದುರಸ್ತಿಯವರನ್ನು ಕರೆಯಿರಿ.

ಕರೆಂಟ್ ಹೋದರೆ ಮಾಡಬೇಕಾದ ಮೊದಲ ಕೆಲಸ ಹೋದ ಹೊತ್ತನ್ನು ಬರೆದುಕೊಳ್ಳುವುದು, ಎರಡನೆಯದು ಬಾಗಿಲು ತೆರೆಯದಿರುವುದು. ಮುಚ್ಚಿಯೇ ಇದ್ದ ಫ್ರಿಜ್ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪನ್ನು ಹಿಡಿದಿಡುತ್ತದೆ ಎಂಬುದು ಸಾಮಾನ್ಯ ಲೆಕ್ಕ. ರಾತ್ರಿ ಯಾರೂ ಇಲ್ಲದಾಗ ಕರೆಂಟ್ ಹೋಗಿ ಬಂದರೆ ತಿಳಿಯುವುದು ಹೇಗೆಂದರೆ, ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಅರ್ಧ ನೀರು ತುಂಬಿ, ನೆಟ್ಟಗೆ ನಿಲ್ಲಿಸಿ ಹೆಪ್ಪುಗಟ್ಟಿಸಿ, ಆಮೇಲೆ ಅದನ್ನು ತಲೆಕೆಳಗಾಗಿ ಫ್ರೀಜರ್‌ನ ನಡುವಿನ ಕಪಾಟಿನಲ್ಲಿ ಕಾಯಂ ಇಟ್ಟುಬಿಡಿ. ಬೆಳಿಗ್ಗೆ ಮಂಜುಗಡ್ಡೆ ಬಾಟಲಿಯ ತಳಕ್ಕೇ ಅಂಟಿಕೊಂಡು ಮೇಲೆ ನಿಂತಿದ್ದರೆ ಸರಿ. ಮುಚ್ಚಳದ ಕಡೆಗೆ ಇಳಿದು ಅಲ್ಲಿ ಗಟ್ಟಿಯಾಗಿದ್ದರೆ, ಫಲಕ ಮೈನಸ್ 18 ಎಂದು ತೋರಿಸುತ್ತಿದ್ದರೂ, ರಾತ್ರಿ ಒಳಗಿನದು ಕರಗಿತ್ತೆಂದು ತಿಳಿದು ಒಂದೊಂದೇ ಚೀಲವನ್ನು ತೆಗೆದು ನೋಡಲು ಕೂರಬೇಕು.